ಡಿವೈಡರ್ ಸಭೆಯಲ್ಲಿ ನನ್ನ ಮೂರು ನಿಮಿಷ

ಮೈಕು ಕಂಡರೆ ನನಗೆ ಭಯವಿಲ್ಲ. ನಾನು ಕೆಲಸ ಮಾಡುವ ಕಾಲೇಜಿನ ಆಫೀಸಿನಲ್ಲಿ ಬೇರೆ ಯಾರಿಗೂ ಇಲ್ಲದ ಪ್ರತಿಭೆ ನನಗಿದೆ. ಯಾವ ಸಮಾರಂಭ ನಡೆದರೂ ವಂದನಾರ್ಪಣೆ ನನ್ನದೇ! ಉದ್ಘಾಟಕರಿಂದ ಹಿಡಿದು ಶಾಮಿಯಾನ ಕಟ್ಟಿದವರು, ನೀರಿನ ಕ್ಯಾನ್ ಇಳಿಸಿದವರ ತನಕ ಒಬ್ಬರನ್ನೂ ಬಿಡದೆ ವಂದಿಸಬಲ್ಲೆ. ಅಷ್ಟು ಹೊತ್ತಿಗೆ ಜನ ಎದ್ದು ಊಟದ ಸಾಲಿನಲ್ಲಿ ನಿಂತಿರುತ್ತಾರೆ ಎಂಬುದು ಬೇರೆ ವಿಷಯ.

ಆದ್ದರಿಂದ ಡಿವೈಡರ್ ವಿಚಾರವಾಗಿ ಪಾಲಿಕೆಯವರು ಸಾರ್ವಜನಿಕ ಅಹವಾಲು ಸಭೆ ಕರೆದಿದ್ದಾರೆ ಎಂದು ತಿಳಿದಾಗ, ಬೀದಿಯ ಪರವಾಗಿ ಯಾರು ಮಾತಾಡಬೇಕೆಂಬ ಪ್ರಶ್ನೆಯೇ ನನ್ನ ಮನಸ್ಸಿನಲ್ಲಿ ಏಳಲಿಲ್ಲ. ಬೇರೆಯವರ ಮನಸ್ಸಿನಲ್ಲಿ ಎದ್ದಿತ್ತೋ ಏನೋ, ನಾನು ಕೇಳಲಿಲ್ಲ.

ನಮ್ಮ ಮನೆ ಇರುವುದು ಗೋವಿಂದರಾಜನಗರದ ಒಂದು ಅಡ್ಡರಸ್ತೆಯಲ್ಲಿ. ಬೀದಿಯ ತುದಿಗೆ ಬಂದರೆ ಮುಖ್ಯರಸ್ತೆ. ಅದರ ನಡುವೆ ಡಿವೈಡರ್. ಆ ಡಿವೈಡರಿನಲ್ಲಿ ನಮ್ಮ ಬೀದಿಗೆ ಎದುರಾಗಿ ಒಂದು ಸಂದು. ಬಸ್‌ಸ್ಟಾಪು, ಮೆಡಿಕಲ್ ಶಾಪು, ಹಾಲಿನ ಬೂತು ಎಲ್ಲವೂ ರಸ್ತೆಯ ಆ ಕಡೆ ಇರುವುದರಿಂದ ನಾವೆಲ್ಲ ದಾಟುವುದು ಆ ಸಂದಿನಲ್ಲೇ. ಅದರಲ್ಲಿ ದ್ವಿಚಕ್ರ ವಾಹನಗಳು ಅಡ್ಡಾದಿಡ್ಡಿ ನುಗ್ಗಿ ಅಪಘಾತವಾಗುತ್ತಿದೆ, ಆದ್ದರಿಂದ ಪೂರ್ತಿ ಮುಚ್ಚಿಬಿಡೋಣ ಎಂಬುದು ಪಾಲಿಕೆಯವರ ಪ್ರಸ್ತಾವ.

ನಮಗಾದರೆ ಸುತ್ತು ಹೊಡೆದು ಹೋಗುವ ಕಷ್ಟ, ಅಷ್ಟೆ. ನಿಜವಾದ ಕಷ್ಟ ಪಕ್ಕದ ಮನೆಯ ಗಂಗಣ್ಣನವರದು. ಅವರಿಗೆ ಸ್ಟ್ರೋಕ್ ಆಗಿ ಬಲಗಾಲಿನ ಶಕ್ತಿ ಹೋಗಿತ್ತು. ವ್ಯಾಯಾಮ ಮಾಡಿಸುವ ಕ್ಲಿನಿಕ್ಕು ರಸ್ತೆಯ ಆ ಕಡೆ ಇದೆ. ವಾಕರ್ ಹಿಡಿದುಕೊಂಡು, ಯಾರ ಸಹಾಯವೂ ಇಲ್ಲದೆ, ತಾವೊಬ್ಬರೇ ಅಲ್ಲಿಗೆ ಹೋಗಿ ಬರುವುದನ್ನು ಅವರು ಮತ್ತೆ ಕಲಿತಿದ್ದರು. ಹಿಂದಿರುಗುವಾಗ ಬೀದಿಯವರೆಲ್ಲ ನೋಡುತ್ತಾರೆಂದು ತಲೆಗೂದಲನ್ನು ಕೈಯಿಂದ ಸರಿಮಾಡಿಕೊಂಡು ಬರುತ್ತಿದ್ದರು. ಸಂದು ಮುಚ್ಚಿದರೆ ಮುಂದಿನ ಸಿಗ್ನಲ್‌ವರೆಗೆ ಅವರು ನಡೆಯುವ ಮಾತೇ ಇಲ್ಲ.

ಅವರ ಹೆಂಡತಿ ಪದ್ಮಕ್ಕ ನಮ್ಮ ಮನೆಗೆ ಬಂದು ಕೇಳಿದರು. "ಸೀತಾರಾಮಣ್ಣ, ನೀವು ಮಾತಾಡ್ತೀರಲ್ವಾ? ನಂಗೆ ಅಷ್ಟು ಜನರ ಮುಂದೆ ಕಾಲು ನಡುಗುತ್ತೆ."

"ನೀವು ನಿಶ್ಚಿಂತೆಯಾಗಿರಿ ಪದ್ಮಕ್ಕ. ನನ್ನ ಮಾತು ಕೇಳಿದ ಮೇಲೆ ಡಿವೈಡರ್ ಕಟ್ಟೋಕೆ ತಂದ ಕಲ್ಲನ್ನ ಅವರೇ ವಾಪಸ್ ತಗೊಂಡ್ ಹೋಗ್ತಾರೆ!"

ನನ್ನ ಹೆಂಡತಿ ವಿಮಲಾ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಅವಳಿಗೆ ಯಾವುದೂ ಉದ್ದವಾಗಿರಬಾರದು. ವಾರ್ಡ್ ಆಫೀಸಿಗೆ ಫೋನು ಮಾಡಿ ಎಲ್ಲ ವಿಚಾರಿಸಿಕೊಂಡಿದ್ದಳು.

"ರೀ, ಒಬ್ಬೊಬ್ರಿಗೆ ಮೂರೇ ನಿಮಿಷವಂತೆ. ಬಾಗಿಲ ಹತ್ರ ಹೆಸರು ಬರೆಸಬೇಕು. ಯಾರು, ಎಲ್ಲಿಂದ ಬಂದಿದೀರಿ, ಏನು ತೊಂದ್ರೆ, ಏನು ಮಾಡ್ಬೇಕು. ಇಷ್ಟು ಹೇಳಿ ಕೂತ್ಕೊಂಡ್ಬಿಡಿ."

"ಪೀಠಿಕೆ?"

"ಬೇಡ."

"ಪೀಠಿಕೆ ಇಲ್ದೆ ಮಾತಾಡೋದು ಬಾಗಿಲು ತಟ್ಟದೆ ಮನೆಯೊಳಗೆ ನುಗ್ಗಿದ ಹಾಗೆ ಕಣೇ. ಸಭಾಮರ್ಯಾದೆ ಅಂತ ಒಂದಿರುತ್ತೆ."

ಅವಳು ಉತ್ತರಪತ್ರಿಕೆಗಳ ಕಟ್ಟು ತೆಗೆದುಕೊಂಡು ಒಳಗೆ ಹೋದಳು. ನಾನು ಭಾಷಣ ಬರೆಯಲು ಕುಳಿತೆ. ಆದಿಮಾನವನಿಂದ ಶುರು ಮಾಡಿದೆ. ಕಾಡಿನಲ್ಲಿ ನಡೆದಾಡುತ್ತಿದ್ದಾಗ ಅವನಿಗೆ ಯಾವ ಡಿವೈಡರೂ ಇರಲಿಲ್ಲ ಎಂಬ ಮೊದಲ ವಾಕ್ಯ ನನಗೇ ರೋಮಾಂಚನ ಉಂಟುಮಾಡಿತು. ಅಲ್ಲಿಂದ ಚಕ್ರದ ಆವಿಷ್ಕಾರ, ರಾಜಮಾರ್ಗಗಳು, ಸಾಲುಮರಗಳು. ಎಂಟನೇ ಪುಟಕ್ಕೆ ಬಂದಾಗ ದೂರದಲ್ಲಿ ಗೋವಿಂದರಾಜನಗರ ಕಾಣಿಸಿತು. ಸಂತೋಷದಿಂದ ಮುಗಿಸಿ, ಹಾಳೆಗಳನ್ನು ನೀಲಿ ಫೈಲಿಗೆ ಸೇರಿಸಿದೆ.

ಸಭೆ ಶನಿವಾರ ಬೆಳಗ್ಗೆ, ಹತ್ತಿರದ ಸಮುದಾಯ ಭವನದಲ್ಲಿ. ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿಯಬೇಕೆಂದು ನಾನು ಮೊದಲೇ ಹೊರಟೆ. ವಿಮಲಾ ಪದ್ಮಕ್ಕನನ್ನು ಕರೆದುಕೊಂಡು ಆಮೇಲೆ ಬರುವವಳಿದ್ದಳು.

ಭವನದ ಬಾಗಿಲಿಗೆ ಮಾವಿನ ತೋರಣ! ಒಳಗೆ ಕಾಲಿಡುತ್ತಿದ್ದಂತೆ ಒಬ್ಬ ಹುಡುಗಿ ಪನ್ನೀರು ಚಿಮುಕಿಸಿದಳು. ವೇದಿಕೆಯ ಮೇಲೆ ಸೇವಂತಿಗೆ ಹೂವಿನ ಅಲಂಕಾರ, ದೊಡ್ಡ ದೊಡ್ಡ ಕುರ್ಚಿಗಳು, ಮೈಕು. ಯಾರೋ ಬಂದು, "ಮೊದಲು ತಿಂಡಿ ಮುಗಿಸ್ಕೊಂಡ್ಬಿಡಿ" ಎಂದು ಕೈಹಿಡಿದು ಕರೆದೊಯ್ದರು. ಖಾರಾಬಾತು, ಕೇಸರಿಬಾತು. ನನ್ನ ಕಣ್ಣು ತುಂಬಿ ಬಂತು. ನಾಗರಿಕರ ಅಹವಾಲು ಕೇಳುವ ಮುನ್ನ ಅವರ ಹಸಿವು ನೋಡುವ ಆಡಳಿತವನ್ನು ಇಷ್ಟು ವರ್ಷ ಸುಮ್ಮನೆ ಬೈದುಕೊಂಡೆನಲ್ಲ! ಇನ್ನೊಂದು ಸೌಟು ಕೇಸರಿಬಾತು ಹಾಕಿಸಿಕೊಂಡೆ.

ಕೈತೊಳೆದು ಬಂದು ಮುಂದಿನ ಸಾಲಿನಲ್ಲಿ ಕುಳಿತೆ. ರೇಷ್ಮೆ ಪಂಚೆ ಉಟ್ಟ, ಗುಂಡಗಿನ ಮುಖದ ಒಬ್ಬರು ಬಂದು ಪಕ್ಕದಲ್ಲಿ ಕುಳಿತರು. ರುದ್ರೇಶ್ ಎಂದು ಪರಿಚಯ ಹೇಳಿಕೊಂಡರು. ವ್ಯವಸ್ಥೆಯೆಲ್ಲ ಅವರದೇ ಎಂದು ಕಾಣುತ್ತಿತ್ತು.

"ಸಾರ್, ಗುರುತು ಸಿಗಲಿಲ್ಲ. ತಾವು ಯಾವ ಕಡೆಯವರು?" ಎಂದು ನಗುತ್ತ ಕೇಳಿದರು.

ಇಂಥ ಪ್ರಶ್ನೆಗೆ ನೇರವಾಗಿ ಉತ್ತರಿಸುವುದು ಒಳ್ಳೆಯದು. "ಮುಚ್ಚುಮರೆ ಮಾಡಲ್ಲ. ನಾನು ವಿರೋಧದ ಕಡೆಯವನು" ಎಂದೆ.

ಅವರ ನಗು ಅಲ್ಲೇ ನಿಂತಿತು. "ವಿರೋಧ ಅಂದ್ರೆ?"

"ಈ ಪ್ರಸ್ತಾವ ಆಗಕೂಡದು. ಅದನ್ನ ಎಲ್ಲರ ಮುಂದೆ ಮೈಕಲ್ಲಿ ಹೇಳೋಕೇ ಬಂದಿರೋದು."

"ಸಾರ್! ಎರಡೂ ಕಡೆ ಕೂತು ಮಾತಾಡಿ, ಎಲ್ಲಾರೂ ಒಪ್ಪಿ ಆಗಿದೆಯಲ್ಲ ಸಾರ್!"

"ಯಾರು ಒಪ್ಪಿದ್ದು? ನಮ್ಮ ಬೀದೀಲಿ ಒಬ್ಬರನ್ನಾದ್ರೂ ಕೇಳಿದೀರಾ?"

"ನಿಮ್ಮ ಬೀದಿಯವರನ್ನ ಯಾಕೆ ಸಾರ್ ಕೇಳ್ಬೇಕು?" ರುದ್ರೇಶರ ಹಣೆಯಲ್ಲಿ ಬೆವರು ಕಾಣಿಸಿತು.

"ಯಾಕೆ ಅಂದ್ರೆ? ಇಷ್ಟು ವರ್ಷದಿಂದ ಬೆಳಗ್ಗೆ ಸಂಜೆ ಹೋಗಿ ಬಂದು ಮಾಡ್ಕೊಂಡಿರೋರು ನಾವು. ಆ ಕಡೆಗೂ ಈ ಕಡೆಗೂ ಎಂಥಾ ಸಂಬಂಧ ಇತ್ತು! ಅದನ್ನ ಒಂದೇ ಏಟಿಗೆ ಕಡಿದುಹಾಕಿದ್ರೆ ಸುಮ್ನಿರ್ತೀವಾ?"

ಅವರು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು. ದನಿ ತಗ್ಗಿಸಿದರು. "ಸಾರ್, ಕಾಲಿಗೆ ಬೀಳ್ತೀನಿ. ನಾನು ಹುಡುಗಿಯ ಸೋದರಮಾವ. ಹಳೇದು ಏನೇ ಇದ್ರೂ ಆ ಕಡೆ ರೂಮಲ್ಲಿ ಕೂತು ಮಾತಾಡೋಣ. ಮೈಕಲ್ಲಿ ಬೇಡ. ಮಗು ಬಾಳು ಹಾಳಾಗುತ್ತೆ."

"ಯಾವ ಮಗು? ನಾನು ಹೇಳ್ತಿರೋದು ಡಿವೈಡರ್ ವಿಷಯ!"

"ಡಿವೈಡರ್?"

ಅದೇ ಹೊತ್ತಿಗೆ ಓಲಗ ಶುರುವಾಯಿತು. ಜರತಾರಿ ಸೀರೆಯುಟ್ಟ ಹುಡುಗಿಯೊಬ್ಬಳು ತಲೆ ತಗ್ಗಿಸಿಕೊಂಡು ವೇದಿಕೆ ಹತ್ತಿದಳು. ಪಾಲಿಕೆಯ ಅಧಿಕಾರಿ ಇಷ್ಟು ನಾಚಿಕೊಳ್ಳುವುದನ್ನು ನಾನು ನೋಡಿರಲಿಲ್ಲ. ಆಗ ನನಗೆ ಅರ್ಥವಾಯಿತು. ನಿಶ್ಚಿತಾರ್ಥ! ರುದ್ರೇಶ್ ಬೆರಳೆತ್ತಿ ಛಾವಣಿಯ ಕಡೆ ತೋರಿಸಿದರು. ಅಹವಾಲು ಸಭೆ ಮೇಲಿನ ಮಹಡಿಯಲ್ಲಿ!

ಕೆಳಗಿಳಿದುಹೋಗಲು ನೆಲ ಬಿರಿಯಲಿಲ್ಲ. ಅಲ್ಲಿ ಅದು ಮೊಸಾಯಿಕ್ ನೆಲ. ಎರಡು ಸೌಟು ಕೇಸರಿಬಾತಿಗೆ ಕ್ಷಮೆ ಕೇಳುವುದು ಹೇಗೆಂದು ತಡವರಿಸುತ್ತಿದ್ದೆ. ರುದ್ರೇಶ್ ಮಾತ್ರ ಎದೆಯ ಮೇಲೆ ಕೈಯಿಟ್ಟುಕೊಂಡು ದೊಡ್ಡ ಉಸಿರು ಬಿಟ್ಟು, ಆಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಬೇರೆಯವರಾಗಿದ್ದರೆ ಕುತ್ತಿಗೆಪಟ್ಟಿ ಹಿಡಿದು ಹೊರಗೆ ಹಾಕುತ್ತಿದ್ದರು. ಅವರು ತಾಂಬೂಲದ ಚೀಲ ತರಿಸಿ ಕೈಗಿತ್ತು, "ಶುಭ ಸಮಯದಲ್ಲಿ ಬಂದಿದೀರಿ, ಬರಿಗೈಲಿ ಹೋಗಬಾರ್ದು" ಎಂದರು. ಚೀಲವನ್ನು ಎರಡೂ ಕೈಗಳಿಂದ ಸ್ವೀಕರಿಸುವುದು ಮರ್ಯಾದೆ. ಅದಕ್ಕಾಗಿ ಕೈಯಲ್ಲಿದ್ದ ನೀಲಿ ಫೈಲನ್ನು ಕುರ್ಚಿಯ ಮೇಲಿಟ್ಟೆ. ಮರ್ಯಾದೆಯಿಂದ ನಮಸ್ಕರಿಸಿ, ಮರ್ಯಾದೆಯಿಂದ ಮೆಟ್ಟಿಲು ಹತ್ತಿದೆ.

ಮೇಲೆ ತೋರಣವೂ ಇರಲಿಲ್ಲ, ಪನ್ನೀರೂ ಇರಲಿಲ್ಲ. ಒಂದು ಮೇಜು, ಒಂದಷ್ಟು ಪ್ಲಾಸ್ಟಿಕ್ ಕುರ್ಚಿ, ಗರಗರ ತಿರುಗುವ ಫ್ಯಾನು. ಬಾಗಿಲಲ್ಲಿ ಹೆಸರು, ವಿಳಾಸ, ಯಾವ ವಿಷಯ ಎಂದು ಬರೆಸಿಕೊಂಡರು. ವಿಮಲಾ ಪದ್ಮಕ್ಕನ ಜೊತೆ ಆಗಲೇ ಕುಳಿತಿದ್ದಳು.

"ಎಲ್ಲಿ ಹೋಗಿದ್ರಿ? ಅದೇನು ಚೀಲ?"

"ಗೌರವಾರ್ಪಣೆ" ಎಂದೆ.

"ಮೀಸೆ ಮೇಲೆ ಕೇಸರಿಬಾತ್ ಇದೆ. ಒರೆಸ್ಕೊಳ್ಳಿ."

ಸಭೆ ನಡೆಸುತ್ತಿದ್ದ ಅಧಿಕಾರಿ, ಕನ್ನಡಕ ಹಾಕಿದ, ಮೆಲುದನಿಯ ಒಬ್ಬ ಮೇಡಂ. ಅವರ ಪಕ್ಕದಲ್ಲಿ ಪ್ರಸ್ತಾವ ಸಿದ್ಧಪಡಿಸಿದ ಇಂಜಿನಿಯರ್. "ಮಾತಾಡೋರು ಈ ಕಡೆ, ನನ್ನನ್ನ ನೋಡಿ ಮಾತಾಡಿ. ನಿಮ್ಮನಿಮ್ಮಲ್ಲಿ ವಾದ ಬೇಡ. ಇವತ್ತಿನ ವಿಷಯ ಬಿಟ್ಟು ಬೇರೆ ಬೇಡ. ಮೂರು ನಿಮಿಷಕ್ಕೆ ಬೆಲ್ ಆಗುತ್ತೆ" ಎಂದು ಮೇಡಂ ವಿವರಿಸಿದರು. ನನಗಿಂತ ಮುಂಚೆ ಮಾತಾಡಿದ ಅಂಗಡಿಯವರೊಬ್ಬರು ಡಿವೈಡರ್ ಬಿಟ್ಟು ಬೀದಿದೀಪದ ಕಡೆ ಹೊರಳಿದರು. ಮೇಡಂ ನಯವಾಗಿ ವಾಪಸು ಕರೆತಂದರು. ಇವರಿಗೆಲ್ಲ ಮಾತಾಡಲು ಬರುವುದಿಲ್ಲವೆಂದು ನಾನು ಮನಸ್ಸಿನಲ್ಲೇ ಕನಿಕರಪಟ್ಟೆ.

"ಶ್ರೀ ಸೀತಾರಾಮು."

ಗಂಭೀರವಾಗಿ ಎದ್ದು ಮೈಕಿನ ಮುಂದೆ ನಿಂತೆ. ಭಾಷಣಕ್ಕಾಗಿ ಚೀಲದೊಳಗೆ ಕೈಹಾಕಿದೆ. ಗುಂಡಗೆ, ಜುಟ್ಟು ಜುಟ್ಟಾಗಿ ಏನೋ ಕೈಗೆ ಸಿಕ್ಕಿತು. ತೆಂಗಿನಕಾಯಿ! ಇನ್ನೊಮ್ಮೆ ಕೈಯಾಡಿಸಿದೆ. ವೀಳ್ಯದೆಲೆ. ಅಡಿಕೆ. ಬಾಳೆಹಣ್ಣು. ಆದಿಮಾನವ ಎಲ್ಲೂ ಇಲ್ಲ.

ಇಡೀ ಸಭೆ ನನ್ನನ್ನೇ ನೋಡುತ್ತಿತ್ತು. ತಲೆಯೊಳಗೆ ಒಂದಕ್ಷರವೂ ಉಳಿದಿರಲಿಲ್ಲ. ಆದರೆ ಬಾಯಿ ಇಷ್ಟು ವರ್ಷಗಳ ಅಭ್ಯಾಸವಿದ್ದ ಬಾಯಿ. ಮೈಕು ಕಂಡೊಡನೆ ತನಗೆ ಗೊತ್ತಿದ್ದದ್ದನ್ನು ತಾನೇ ಶುರು ಮಾಡಿಬಿಟ್ಟಿತು!

"ಇಂದಿನ ಈ ಸುಂದರ ಸಮಾರಂಭದ ಅಧ್ಯಕ್ಷತೆ ವಹಿಸಿ, ತಮ್ಮ ಅಮೂಲ್ಯ ಸಮಯವನ್ನು ನಮಗಾಗಿ ಮೀಸಲಿಟ್ಟ ಮಾನ್ಯ ಅಧಿಕಾರಿಗಳಿಗೆ ಅನಂತಾನಂತ ವಂದನೆಗಳು."

ವಿಮಲಾ ಹಣೆಗೆ ಕೈಹಚ್ಚಿದ್ದು ಕಾಣಿಸಿತು. ನಿಲ್ಲಿಸಬೇಕೆಂದುಕೊಂಡೆ. ಇಳಿಜಾರಿನಲ್ಲಿ ಬ್ರೇಕಿಲ್ಲದ ಸೈಕಲ್ಲಿನ ಮೇಲೆ ಕುಳಿತ ಹಾಗಾಗಿತ್ತು.

"ಈ ಯೋಜನೆಯನ್ನು ಅಚ್ಚುಕಟ್ಟಾಗಿ ರೂಪಿಸಿದ ಇಂಜಿನಿಯರ್ ಸಾಹೇಬರಿಗೆ ನಮ್ಮ ಬೀದಿಯ ಸಮಸ್ತ ನಾಗರಿಕರ ಪರವಾಗಿ ಹೃತ್ಪೂರ್ವಕ ಧನ್ಯವಾದಗಳು!"

ಇಂಜಿನಿಯರ್ ಬೆಚ್ಚಿಬಿದ್ದು ತಲೆಯೆತ್ತಿದರು. ಅವರ ವೃತ್ತಿಜೀವನದಲ್ಲಿ ಯಾರೂ ಅವರಿಗೆ ಹಾಗೆ ಹೇಳಿರಲಿಲ್ಲವೆಂದು ತೋರುತ್ತದೆ. ಎದ್ದು ನಿಂತು ಕೈಮುಗಿದರು. ನಾನು ಫ್ಯಾನಿನವರಿಗೆ, ಕುರ್ಚಿಯವರಿಗೆ, ಧ್ವನಿವರ್ಧಕದವರಿಗೆ ವಂದಿಸಿ, ರುಚಿಯಾದ ಕೇಸರಿಬಾತಿಗೂ ವಂದಿಸಿದೆ. ಬೆಲ್ ಆಯಿತು.

ಮೇಡಂ ಸಂತೋಷದಿಂದ ಗುಮಾಸ್ತರ ಕಡೆ ತಿರುಗಿದರು. "ಬೀದಿಯ ನಾಗರಿಕರ ಪರವಾಗಿ ಯೋಜನೆಗೆ ಪೂರ್ಣ ಬೆಂಬಲ. ಬರ್ಕೊಳ್ಳಿ."

ನಾನು ಪದ್ಮಕ್ಕನ ಮುಖ ನೋಡಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಸೀತಾರಾಮಣ್ಣ, ಏನ್ ಮಾಡಿಬಿಟ್ರಿ?" ಎಂದು ಮೆಲ್ಲಗೆ ಕೇಳಿ, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತರು. ನನ್ನ ಕಣ್ಣಮುಂದೆ ವಾಕರ್ ಹಿಡಿದ ಗಂಗಣ್ಣ ಬಂದು ನಿಂತರು. ಅಷ್ಟು ಹೊತ್ತು ಇದ್ದ ನಾಚಿಕೆ ಹೋಗಿ ನಿಜವಾದ ಭಯ ಹತ್ತಿತು.

"ಮೇಡಂ, ಅದು ಬೆಂಬಲ ಅಲ್ಲ! ನಾನು ವಿರೋಧ!" ಎಂದು ಎದ್ದು ಕೂಗಿದೆ.

"ನಿಮ್ಮ ಮೂರು ನಿಮಿಷ ಆಯ್ತು ಸಾರ್. ಒಬ್ಬರಿಗೆ ಒಂದೇ ಸಲ. ಕೂತ್ಕೊಳ್ಳಿ."

ಕುಳಿತೆ. ಆಗ ವಿಮಲಾ ಕೈಯೆತ್ತಿದಳು. "ಮೇಡಂ, ಹೆಸರು ಬರೆಸದೇ ಇರೋರು ಈಗ ಬರೆಸಬಹುದಾ?"

"ಧಾರಾಳವಾಗಿ. ಸಭೆ ಮುಗಿಯೋ ತನಕ ಬರೆಸಬಹುದು. ಮಾತಾಡೋಕೆ ಆಗದೆ ಇರೋರು ಬರೆದುಕೊಟ್ರೂ ಅದಕ್ಕೂ ಅಷ್ಟೇ ಬೆಲೆ ಇದೆ."

ಆ ಮಾತಿನ ಬೆನ್ನಲ್ಲೇ ಹಿಂದಿನ ಬಾಗಿಲಲ್ಲಿ ಗದ್ದಲವಾಯಿತು. ರೇಷ್ಮೆ ಪಂಚೆಯ ರುದ್ರೇಶ್ ಏದುಸಿರು ಬಿಡುತ್ತ ಒಳಬಂದರು. ಕೈಯಲ್ಲಿ ನೀಲಿ ಫೈಲು. ನನ್ನನ್ನು ಕಂಡೊಡನೆ ಇಡೀ ಸಭಾಂಗಣಕ್ಕೆ ಕೇಳುವಂತೆ ಕೂಗಿದರು.

"ಸಾರ್! ನಿಮ್ಮ ವಿರೋಧ ಕೆಳಗೇ ಬಿಟ್ಟು ಬಂದಿದ್ರಿ!"

ಸಭೆ ಗೊಳ್ಳೆಂದು ನಕ್ಕಿತು. ಇಂಜಿನಿಯರ್ ಕೂಡ ನಕ್ಕರು, ಸ್ವಲ್ಪ ಬೇಸರದಿಂದ. ಮೇಡಂ ನಗು ತಡೆದುಕೊಂಡು ಫೈಲು ತರಿಸಿಕೊಂಡರು. ಹಾಳೆ ತಿರುವುತ್ತ ಹೋದರು. "ಆದಿಮಾನವ... ಚಕ್ರ... ಸಾಲುಮರ... ಸೀತಾರಾಮು ಅವರೇ, ಡಿವೈಡರ್ ಎಲ್ಲಿದೆ?"

"ಎಂಟನೇ ಪುಟ, ಮೇಡಂ" ಎಂದೆ ನೆಲ ನೋಡುತ್ತ.

ಅವರು ಎಂಟನೇ ಪುಟವನ್ನು ಪೂರ್ತಿ ಓದಿದರು. ಓದದೆ ಪಕ್ಕಕ್ಕಿಡಬಹುದಿತ್ತು. ಅಷ್ಟು ಜನರ ಮುಂದೆ ನನ್ನನ್ನು ಗೇಲಿ ಮಾಡಲೂಬಹುದಿತ್ತು. ಎರಡನ್ನೂ ಮಾಡದೆ, "ಇದನ್ನ ಲಿಖಿತ ಆಕ್ಷೇಪಣೆ ಅಂತ ತಗೊಳ್ಳಿ. ಬೆಂಬಲ ಅನ್ನೋದನ್ನ ತಿದ್ದಿ" ಎಂದು ಗುಮಾಸ್ತರಿಗೆ ಹೇಳಿದರು. ನನಗೆ ಮತ್ತೆ ವಂದಿಸಬೇಕೆನಿಸಿತು. ವಿಮಲಾ ನನ್ನ ಅಂಗಿಯ ತೋಳು ಹಿಡಿದು ಕೂರಿಸಿದಳು.

ಅಷ್ಟರಲ್ಲಿ ಪದ್ಮಕ್ಕ ತಾವಾಗಿಯೇ ಹೋಗಿ ಹೆಸರು ಬರೆಸಿದ್ದರು. ಮೈಕಿನ ಮುಂದೆ ಬಂದು ನಿಂತರು. ಮೊದಲು ನನ್ನ ಕಡೆ ನೋಡಿದರು. ಇವನಿಗಿಂತ ಕೆಟ್ಟದಾಗಿ ಮಾತಾಡಲು ಸಾಧ್ಯವಿಲ್ಲ ಎಂಬ ಧೈರ್ಯ ಅವರಿಗೆ ಆಗ ಬಂದಿರಬೇಕು. ಆ ಮಟ್ಟಿಗೆ ನನ್ನ ಭಾಷಣದಿಂದಲೂ ಉಪಕಾರವಾಯಿತು.

"ನನ್ನ ಹೆಸ್ರು ಪದ್ಮಾವತಿ. ಆ ಗ್ಯಾಪ್ ಎದುರಿಗಿರೋ ಬೀದೀಲೇ ಮನೆ. ನಮ್ಮನೆಯೋರಿಗೆ ಸ್ಟ್ರೋಕ್ ಆಗಿ ಬಲಗಾಲು ಸರಿಯಿಲ್ಲ. ಎಕ್ಸರ್‌ಸೈಜ್ ಮಾಡ್ಸೋ ಕ್ಲಿನಿಕ್ ಆ ಕಡೆ ಇದೆ. ಅಲ್ಲಿಗೆ ವಾಕರ್ ಹಿಡ್ಕೊಂಡು ತಾವೇ ಹೋಗ್ತಾರೆ. ಬೇರೆ ಎಲ್ಲಾದಕ್ಕೂ ನಾನು ಬೇಕು ಮೇಡಂ. ಸ್ನಾನಕ್ಕೂ ಬೇಕು, ಶರ್ಟ್ ಗುಂಡಿ ಹಾಕೋಕೂ ಬೇಕು. ಅದೊಂದು ಜಾಗಕ್ಕೆ ಮಾತ್ರ, ನೀನು ಬರಬೇಡ ಕಣೇ ಅಂತಾರೆ."

ಮೇಡಂ ಗುಮಾಸ್ತರ ಕೈಯಿಂದ ಪೆನ್ನು ತೆಗೆದುಕೊಂಡು ತಾವೇ ಬರೆದುಕೊಂಡರು.

ಇಂಜಿನಿಯರ್ ಗೌರವದಿಂದಲೇ ಕೇಳಿದರು. "ಅರ್ಥ ಆಗುತ್ತೆ ಅಮ್ಮ. ಆದ್ರೆ ಅಲ್ಲಿ ಬೈಕುಗಳು ನುಗ್ಗಿ ಜನ ಬೀಳ್ತಿದಾರಲ್ಲ, ಅದಕ್ಕೇನು ಮಾಡೋಣ?"

"ಬೈಕಿಗೆ ಮುಚ್ಚಿ ಸಾರ್. ಮನುಷ್ಯರಿಗೆ ಬಿಡಿ. ಒಂದು ವಾಕರ್ ತೂರೋಷ್ಟು ಜಾಗ ಇದ್ರೆ ಸಾಕು."

ಬೆಲ್ ಆಗುವ ಮೊದಲೇ ಅವರು ಬಂದು ಕುಳಿತಾಗಿತ್ತು. ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ತಟ್ಟಿದರು. ತಿರುಗಿ ನೋಡಿದರೆ ರುದ್ರೇಶ್. ಫೈಲು ಕೊಟ್ಟು ಹೋಗುವುದನ್ನು ಬಿಟ್ಟು ಅವರೂ ಹೆಸರು ಬರೆಸಿದ್ದರು! "ನಾವು ಹೆಣ್ಣಿನ ಕಡೆಯವರು, ರಸ್ತೆ ಆ ಕಡೆ ಇದೀವಿ. ಗಂಡಿನ ಮನೆ ಈ ಕಡೆ ಇದೆ. ಆ ಅಮ್ಮ ಹೇಳಿದ್ದೇ ನನ್ನ ಮಾತೂ" ಎಂದಿಷ್ಟು ಹೇಳಿ, ಮುಹೂರ್ತ ಮೀರುತ್ತದೆಂದು ಮೆಟ್ಟಿಲ ಕಡೆ ಓಡಿದರು. ಬಾಗಿಲಲ್ಲಿ ನಿಂತು ತಿರುಗಿ, "ವಿರೋಧದ ಕಡೆಯವರೆಲ್ಲ ಊಟ ಮುಗಿಸ್ಕೊಂಡೇ ಹೋಗ್ಬೇಕು!" ಎಂದರು.

ಊಟ ಮುಗಿಸಿಕೊಂಡೇ ಹೋದೆವು. ಹೋಳಿಗೆ ಬಡಿಸುವಾಗ ವಿಮಲಾ, "ನಮ್ಮ ಸ್ಕೂಲಲ್ಲಿ ಮಕ್ಕಳು ಲೆಕ್ಕ ತಪ್ಪು ಮಾಡಿ ಉತ್ತರ ಸರಿ ಬರೆದಿರ್ತಾರೆ. ನಿಮ್ದೂ ಹಂಗೇ ಆಯ್ತು" ಎಂದಳು. ಅವಳಿಂದ ಅಷ್ಟು ಅಂಕ ಸಿಕ್ಕಿದ್ದೇ ದೊಡ್ಡದು.

ಕೆಲವು ವಾರಗಳ ನಂತರ ಇಂಜಿನಿಯರ್ ಸ್ಥಳ ನೋಡಲು ಬಂದರು. ಗಂಗಣ್ಣನವರ ಜೊತೆ, ಅವರದೇ ನಡಿಗೆಯಲ್ಲಿ, ರಸ್ತೆ ದಾಟಿ ನೋಡಿದರು. ಆಮೇಲೆ ಕೆಲಸ ಶುರುವಾಯಿತು. ವಾಹನಗಳಿಗೆ ಸಂದು ಮುಚ್ಚಿತು. ನಡುವೆ ಕಬ್ಬಿಣದ ಕಂಬ ನೆಟ್ಟು ನಡೆಯುವವರಿಗೆ ದಾರಿ ಬಿಟ್ಟರು. ಗುಂಡಿ ಒತ್ತಿದರೆ ಹಸಿರಾಗುವ ಸಿಗ್ನಲ್ ಕೂಡ ಬಂತು. ಸಭೆಯ ನಡಾವಳಿಯನ್ನು ವಾರ್ಡ್ ಆಫೀಸಿನ ಬೋರ್ಡಿಗೆ ಅಂಟಿಸಿದ್ದರು. ಪದ್ಮಾವತಿಯವರ ಸಲಹೆ ಅಂಗೀಕೃತ ಎಂದಿತ್ತು. ನನ್ನ ಹೆಸರಿನ ಮುಂದೆ, "ಮೊದಲು ವಂದಿಸಿದರು, ನಂತರ ವಿರೋಧಿಸಿದರು" ಎಂದಿತ್ತು. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಆ ದಿನ ನೆನೆದಾಗಲೆಲ್ಲ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಎದೆ ತುಂಬುತ್ತದೆ. ನಾನು ಕೆಡಿಸಿದ್ದನ್ನು ಎಷ್ಟು ಜನ ಸೇರಿ, ಒಬ್ಬರೂ ಮುಖ ಸಿಂಡರಿಸದೆ, ಸರಿಮಾಡಿದರು! ಮಗಳ ಸಮಾನಳಾದ ಹುಡುಗಿಯ ನಿಶ್ಚಿತಾರ್ಥ ಬಿಟ್ಟು ಅಪರಿಚಿತನ ಫೈಲು ಹಿಡಿದು ಮೆಟ್ಟಿಲು ಹತ್ತುವವರು ಯಾರಿದ್ದಾರೆ?

ಸಿಗ್ನಲ್ ಶುರುವಾದ ಬೆಳಗ್ಗೆ ಬೀದಿಯ ಹಲವರು ಅಲ್ಲಿ ಸೇರಿದ್ದೆವು. ಗಂಗಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ವಾಕರ್ ಹಿಡಿದು ನಿಂತಿದ್ದರು. ಗುಂಡಿ ಒತ್ತುವ ಗೌರವವನ್ನು ನನಗೇ ಕೊಟ್ಟರು. ಒತ್ತಿದೆ. ಹಸಿರಾಗಲು ಇನ್ನೂ ಸಮಯವಿದ್ದುದರಿಂದ ಜನರ ಕಡೆ ತಿರುಗಿ ನಿಂತೆ. ನಾಗರಿಕ ಎಂದರೆ ಯಾರು, ಅವನ ಒಂದು ಮಾತಿಗೆ ಇರುವ ಶಕ್ತಿ ಎಂಥದು ಎಂದು ನಾಲ್ಕು ಮಾತು ಹೇಳತೊಡಗಿದೆ. ಬಹಳ ಚೆನ್ನಾಗಿ ಬರುತ್ತಿತ್ತು. ಕಣ್ಣು ಮುಚ್ಚಿಕೊಂಡು ಒಂದು ಒಳ್ಳೆಯ ಪದಕ್ಕಾಗಿ ಹುಡುಕಿ, ಅದು ಸಿಕ್ಕ ಮೇಲೆ ಕಣ್ಣು ಬಿಟ್ಟೆ.

ಎದುರಿಗೆ ಯಾರೂ ಇರಲಿಲ್ಲ. ಸಿಗ್ನಲ್ ಹಸಿರಾಗಿ, ಎಲ್ಲರೂ ದಾಟಿ, ಮತ್ತೆ ಕೆಂಪಾಗಿತ್ತು. ರಸ್ತೆಯ ಆ ಕಡೆ, ಕ್ಲಿನಿಕ್ಕಿನ ಮುಂದೆ, ಗಂಗಣ್ಣ ವಾಕರ್ ಮೇಲೆ ಒಂದು ಕೈಯಿಟ್ಟು, ಇನ್ನೊಂದನ್ನು ನನ್ನ ಕಡೆ ಬೀಸುತ್ತಿದ್ದರು.

"ಸೀತಾರಾಮೂ! ಇನ್ನೊಂದ್ಸಲ ಗುಂಡಿ ಒತ್ತಪ್ಪಾ!"

ಒತ್ತಿದೆ. ಬಾಯಿ ಮುಚ್ಚಿಕೊಂಡು ಕಾದೆ.